ಹೋದ ನೀರು ಮರಳಿ ಬರುವ ಊರಿನಲ್ಲಿ

ನೆಟ್ಟಣ

ಬಾಂಗ್ಲಾದೇಶಕ್ಕೆ ಹೋಗುವವರು ಏನೇನು ಕಟ್ಟಿಕೊಂಡು ಹೋಗುತ್ತಾರೋ ನನಗೆ ತಿಳಿಯದು. ನನ್ನ ಚೀಲದಲ್ಲಿ ನಾಲ್ಕು ಹತ್ತಿ ಸೀರೆ, ಒಂದು ಡಬ್ಬಿ ಮಾವಿನಮಿಡಿ ಉಪ್ಪಿನಕಾಯಿ ಮತ್ತು ಹಿಡಿಯಿರುವ ಒಂದು ಹಲಸಿನ ಹಲಗೆ ಇದ್ದವು. ಹಸಿ ಮಣ್ಣನ್ನು ಬಡಿದು ಗಟ್ಟಿ ಮಾಡುವ ಹಲಗೆ ಅದು. ನೆಟ್ಟಣದ ರೈಲ್ವೆ ಸ್ಟೇಷನ್ನಿಗೆ ನನ್ನನ್ನು ಬಿಡಲು ಬಂದ ಹಸನಬ್ಬಣ್ಣ ಅದನ್ನು ಹಳೆಯ ಲುಂಗಿಯಲ್ಲಿ ಸುತ್ತಿ ತಂದಿದ್ದರು.

"ಇದೆಂತಕೆ ಹಸನಬ್ಬಣ್ಣ? ಅಲ್ಲಿ ಹಲಗೆ ಇರ್ಲಿಕ್ಕಿಲ್ವಾ?"

"ಅಲ್ಲಿ ಉಂಟಾ ಇಲ್ವಾ ನಂಗೆಂತ ಗೊತ್ತು ಟೀಚರ್. ನಾನಂತೂ ಬರುದಿಲ್ಲ. ಅದಾದ್ರೂ ಹೋಗಿ ಬರ್ಲಿ."

ಕರೆ ಬಂದದ್ದು ನಮ್ಮಿಬ್ಬರಿಗೂ. ಆದರೆ ಎಪ್ಪತ್ತೆರಡರ ಹಸನಬ್ಬಣ್ಣನಿಗೆ ಮಂಡಿನೋವು, ಪಾಸ್‌ಪೋರ್ಟ್ ಇಲ್ಲ. ಅಣ್ಣತಮ್ಮಂದಿರೆಲ್ಲ ಗಲ್ಫ್ ಸುತ್ತಿ ಬಂದರೂ ಅವರು ಹೊಳೆ ಬಿಟ್ಟು ಕದಲಿದವರಲ್ಲ. "ನಂಗೆ ಹೊಳೆ ದಾಟಿದ್ರೆ ವಿದೇಶ," ಎನ್ನುವುದು ಅವರ ಹಳೆಯ ಮಾತು. ಆ ಹೊಳೆಯ ಆಚೆ ದಂಡೆ ಅವರದು, ಈಚೆ ದಂಡೆ ನಮ್ಮದು. ಬೆಳ್ಳಾರೆ ಪೇಟೆಯಿಂದ ಮರ್ಕಂಜದ ಕಡೆ ಹೋಗುವಾಗ ಸಿಗುವ ಹಳ್ಳಿ. ಅಲ್ಲೇ ಹತ್ತಿರದ ಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದೆ.

ದೂರದ ಓದುಗರಿಗೆ ಒಂದು ಮಾತು ಹೇಳಬೇಕು. ಸುಳ್ಯ, ಪುತ್ತೂರು, ಕಡಬದ ನಮ್ಮ ಕಡೆ ಬೇಸಿಗೆಗೆ ಮುಂಚೆ ಹೊಳೆಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು, ಕಂಬಗಳಿಂದ ಒಡ್ಡು ಹಾಕುವ ಪದ್ಧತಿ ಉಂಟು. ಅದಕ್ಕೆ ಕಟ್ಟ ಎನ್ನುತ್ತೇವೆ. ಮಳೆಗಾಲ ಬಂದಾಗ ನಾವೇ ಬಿಚ್ಚುತ್ತೇವೆ, ತಡಮಾಡಿದರೆ ಹೊಳೆಯೇ ಬಿಚ್ಚಿಕೊಂಡು ಹೋಗುತ್ತದೆ. ಕಟ್ಟವನ್ನು ಎರಡೂ ದಂಡೆಯಿಂದ ಕಟ್ಟುತ್ತ ಬಂದು, ನಡುವೆ ಉಳಿದ ಬಾಯಿಯನ್ನು ಕೊನೆಗೆ ದಂಡೆಗೊಬ್ಬರಂತೆ ಇಬ್ಬರು ಸೇರಿ ಮುಚ್ಚಬೇಕು. ನಮ್ಮ ಹೊಳೆಯಲ್ಲಿ ಆ ಇಬ್ಬರು ಹಸನಬ್ಬಣ್ಣ ಮತ್ತು ನನ್ನ ಯಜಮಾನರು.

ನಮ್ಮನ್ನು ಕರೆದವಳು ಫೌಝಿಯಾ, ನನ್ನ ಹಳೆಯ ವಿದ್ಯಾರ್ಥಿನಿ, ಬೆಳ್ಳಾರೆಯ ಬಟ್ಟೆ ಅಂಗಡಿಯವರ ಮಗಳು. ಈಗ ಬಾಂಗ್ಲಾದ ಕರಾವಳಿಯಲ್ಲಿ, ಸಮುದ್ರ ನುಗ್ಗುವ ಊರುಗಳ ಬಡವರ ಜೊತೆ ಕೆಲಸ ಮಾಡುವ ಸಣ್ಣ ತಂಡವೊಂದರಲ್ಲಿದ್ದಾಳೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ಮಕ್ಕಳನ್ನು ಸಾಲಾಗಿ ಹೊಳೆಗೆ ಕರೆದುಕೊಂಡು ಹೋಗಿ ಕಟ್ಟ ತೋರಿಸಿದ್ದು ಅವಳಿಗೆ ನೆನಪಿತ್ತು. ಅಲ್ಲಿಯೂ ಹಿಂದೆ ಇಂಥದ್ದೇ ಒಡ್ಡು ಹಾಕುತ್ತಿದ್ದರಂತೆ. ವರ್ಷದಲ್ಲಿ ಎಂಟು ತಿಂಗಳು ಉಪ್ಪುನೀರನ್ನು ತಡೆದು ಮಳೆಗಾಲಕ್ಕೆ ಕಡಿದುಬಿಡುತ್ತಿದ್ದರು. ಹೆಸರೇ ಅಷ್ಟಮಾಸಿ ಬಾಂಧ್. ಬಲ್ಲವರು ತೀರಿಹೋಗಿ ಪದ್ಧತಿ ನಿಂತಿದೆ, ಮತ್ತೆ ಶುರು ಮಾಡಬೇಕು, ನೀವಿಬ್ಬರೂ ಬನ್ನಿ ಎಂದಳು.

ಅವಳಿಗೆ ನಾನು ಹೇಳದೇ ಉಳಿಸಿದ ವಿಷಯ ಒಂದಿತ್ತು. ನಮ್ಮ ಹೊಳೆಗೆ ಕಟ್ಟ ಹಾಕದೆ ಆರು ವರ್ಷವಾಗಿತ್ತು. ಯಜಮಾನರು ತೀರಿಕೊಂಡ ವರ್ಷ ಹಸನಬ್ಬಣ್ಣ ಎಂದಿನಂತೆ ಬಂದು ಅಂಗಳದಲ್ಲಿ ನಿಂತು, "ಟೀಚರ್, ಕಟ್ಟ?" ಎಂದು ಕೇಳಿದರು. "ಈ ವರ್ಷ ಬೇಡ ಹಸನಬ್ಬಣ್ಣ," ಎಂದೆ. ಆ ಬಾಯಿಯ ಈಚೆ ಕಡೆ ಬೇರೆ ಯಾರೋ ನಿಂತದ್ದನ್ನು ನೋಡುವ ಶಕ್ತಿ ನನಗಿರಲಿಲ್ಲ. ಮರುವರ್ಷ ಅವರು ಕೇಳಲಿಲ್ಲ. ನೆರೆಯವರು ಒಬ್ಬೊಬ್ಬರಾಗಿ ಬೋರ್‌ವೆಲ್ ತೆಗೆಸಿದರು. ಈ ವರ್ಷ ಬೇಡ ಎಂದ ನನ್ನ ಒಂದು ಮಾತು ಆರು ವರ್ಷ ಬಾಳಿತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿದ ಹುಡುಗಿ ಹಲಗೆಯನ್ನು ಎತ್ತಿ ಹಿಡಿದು, "ಅಮ್ಮಾ, ಈ ವಯಸ್ಸಲ್ಲಿ ಕ್ರಿಕೆಟ್ಟಾ?" ಎಂದಳು. ಹೌದು ಎಂದೆ. ನಕ್ಕು ಬಿಟ್ಟಳು.

ದಕ್ಷಿಣ ಪಾಡಾ

ಢಾಕಾದಿಂದ ಬಸ್ಸು, ಆಮೇಲೆ ದೋಣಿ, ಕೊನೆಗೆ ಮೂರು ಚಕ್ರದ ಮೇಲೆ ಹಲಗೆ ಹೊಡೆದ ಗಾಡಿ. ಅದನ್ನು ಅವರು ವ್ಯಾನ್ ಎನ್ನುತ್ತಾರೆ. ಹಿಂದುಮುಂದಾಗಿ ಕುಳಿತು ಕಾಲು ಇಳಿಬಿಟ್ಟು ಹೋಗಬೇಕು. ಹೀಗೆ ಹೋದರೆ ಬಿಟ್ಟು ಬಂದ ದಾರಿ ಮಾತ್ರ ಕಾಣುತ್ತದೆ, ಮುಂದಿನದ್ದು ಕಾಣುವುದೇ ಇಲ್ಲ. ಆರು ವರ್ಷದಿಂದ ನಾನು ಬದುಕಿದ್ದೂ ಹೀಗೆಯೇ ಎನಿಸಿ ಬೇಸರವಾಯಿತು.

ಊರಿನ ದಕ್ಷಿಣದ ತುದಿಯ ಈ ಕೇರಿಗೆ ದಕ್ಷಿಣ ಪಾಡಾ ಎಂದೇ ಹೆಸರು. ಸಮುದ್ರವನ್ನು ತಡೆಯಲು ಹಾಕಿದ ದೊಡ್ಡ ಒಡ್ಡಿನ ಒಳಗೆ ಊರು, ಹೊರಗೆ ಇವರು. ಒಳಗೆ ಜಾಗವಿಲ್ಲದ ಬಡವರು ಹೊರಗೆ ಉಳಿಯುವುದು ಎಲ್ಲ ಕಡೆಯ ಕ್ರಮ. ಮನೆಗಳು ಎತ್ತರದ ಮಣ್ಣಿನ ಜಗಲಿಗಳ ಮೇಲಿವೆ. ಪ್ರತಿ ಚಂಡಮಾರುತದ ನಂತರ ಜಗಲಿಯನ್ನು ಸ್ವಲ್ಪ ಏರಿಸುತ್ತಾರೆ. ನಮ್ಮಲ್ಲಿ ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕುತ್ತೇವಲ್ಲ, ಇವರ ಜಗಲಿಯ ಬದಿಯಲ್ಲಿ ಹಾಗೆ ನೀರಿನ ಗುರುತುಗಳಿವೆ.

ನನ್ನನ್ನು ಉಳಿಸಿಕೊಂಡವರು ಹಾಲಿಮಾ. ಐವತ್ತು ದಾಟಿದ ವಿಧವೆ, ಕುಳ್ಳಗೆ ಗಟ್ಟಿ ಹೆಂಗಸು. ನಾನು ಅವರನ್ನು ಆಪಾ ಎಂದೆ, ಅವರು ನನ್ನನ್ನು ದಿದಿ ಎಂದರು. ಮುಸಲ್ಮಾನರ ಅಕ್ಕ ಆಪಾ, ಹಿಂದೂಗಳ ಅಕ್ಕ ದಿದಿ. ನೀರಿಗೂ ಹಾಗೆಯೇ ಎರಡು ಹೆಸರು, ಪಾನಿ ಮತ್ತು ಜೊಲ್. ನನಗೆ ಲೋಟ ಕೊಡುವಾಗ ಹಾಲಿಮಾ ನೆನಪಿಟ್ಟು ಜೊಲ್ ಎನ್ನುತ್ತಿದ್ದರು. ಊರಲ್ಲಿ ಹಸನಬ್ಬಣ್ಣನ ಹೆಂಡತಿ ನನ್ನೊಡನೆ ತುಳುವಿನಲ್ಲಿ ಮಾತಾಡಿ, ಅದೇ ಉಸಿರಿಗೆ ಸೊಸೆಯ ಕಡೆ ತಿರುಗಿ ಮನೆಮಾತು ಬ್ಯಾರಿಯಲ್ಲಿ ಗದರುವುದು ನೆನಪಾಯಿತು.

ಮೊದಲ ದಿನದ ಚಹಾ ಉಪ್ಪಾಗಿತ್ತು. ಸಕ್ಕರೆಯ ಬದಲು ಉಪ್ಪು ಬಿದ್ದಿರಬೇಕೆಂದು ನಾನು ಮುಖ ಸಣ್ಣದು ಮಾಡದೆ ಕುಡಿದೆ. ಎರಡನೇ ಮನೆಯ ಚಹಾ ಕೂಡ ಹಾಗೆಯೇ.

"ಫೌಝಿಯಾ, ಇಲ್ಲಿ ಚಾಗೆ ಉಪ್ಪು ಹಾಕ್ತಾರಾ?"

"ಇಲ್ಲ ಟೀಚರ್. ನೀರೇ ಹಾಗೆ. ಕುಡಿಯುವ ನೀರು ಬೇರೆ, ಚಾ ನೀರು ಬೇರೆ. ಒಳ್ಳೆ ನೀರನ್ನು ಚಾಗೆ ಹಾಕಿ ಮುಗಿಸುದಿಲ್ಲ."

ಆಮೇಲೆ ಯಾರೂ ಕೊಡದಿದ್ದರೂ ನಾನು ಆ ಉಪ್ಪು ಚಹಾವನ್ನೇ ಕೇಳಿ ಕುಡಿದೆ. ಅದು ನನ್ನ ಒಂದು ಹಟ.

ಕೆರೆಯ ಮೆಟ್ಟಿಲು

ಇಡೀ ಕೇರಿಗೆ ಇರುವುದು ಒಂದೇ ಸಿಹಿನೀರಿನ ಕೆರೆ, ಹಾಲಿಮಾ ಅವರ ಮನೆಯ ಹಿಂದೆ. ಮಳೆಯ ನೀರು ತುಂಬಿ ನಿಂತದ್ದು. ಅಲ್ಲಿ ಸ್ನಾನವಿಲ್ಲ, ಸೋಪು ಇಲ್ಲ, ಬಾತುಕೋಳಿ ಇಳಿಯುವಂತಿಲ್ಲ, ಚಪ್ಪಲಿ ಮೇಲೆಯೇ ಬಿಡಬೇಕು. ಒಂದು ಸಲ ಕಾಲು ತೊಳೆಯಲು ಬಗ್ಗಿದ ನನ್ನನ್ನು ಹಾಲಿಮಾ ರಟ್ಟೆ ಹಿಡಿದು ಎಬ್ಬಿಸಿದರು. ಅತಿಥಿಯ ಮರ್ಯಾದೆ ಕೆರೆಯ ಮೆಟ್ಟಿಲಿನವರೆಗೆ ಮಾತ್ರ.

ಕೆರೆಯ ಪಕ್ಕದಲ್ಲಿ ಒಂದು ಕಾಲುವೆ ಹರಿಯುತ್ತದೆ. ಅದು ನದಿಗೆ ಸೇರುತ್ತದೆ, ನದಿ ಸಮುದ್ರಕ್ಕೆ. ಸಮುದ್ರದ ನೀರು ಏರುವ ಹುಣ್ಣಿಮೆಯ ದೊಡ್ಡ ಭರತಕ್ಕೆ ಆ ಕಾಲುವೆಯಲ್ಲಿ ಉಪ್ಪುನೀರು ಉಕ್ಕಿ ಕೆರೆಯ ದಂಡೆಯ ಮೇಲೆ ಹತ್ತುತ್ತದೆ. ಹಿಂದಿನ ವರ್ಷ ಒಂದು ಗೇಣು ಬಾಕಿಯಿತ್ತಂತೆ. ಈ ಸಲ ದಂಡೆ ಕುಸಿದಿದೆ. ಕಾಲುವೆಯ ಬಾಯಿ ಕಟ್ಟದಿದ್ದರೆ ಕೆರೆ ಹೋಯಿತು, ಕೆರೆ ಹೋದರೆ ಕೇರಿಯೂ ಹೋದಂತೆ. ಹುಣ್ಣಿಮೆಗೆ ಒಂಬತ್ತು ದಿನ ಇತ್ತು.

"ನನ್ನ ಇಬ್ಬರು ಹೆಣ್ಣುಮಕ್ಕಳು ಢಾಕಾದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಾರೆ," ಎಂದರು ಹಾಲಿಮಾ. ಫೌಝಿಯಾ ಒಂದೊಂದೇ ವಾಕ್ಯ ನನಗೆ ದಾಟಿಸುತ್ತಿದ್ದಳು. "ಬಾ, ಬಾ ಎಂದು ಕರೆಯುತ್ತಾರೆ. ಈ ಸಲ ಕೆರೆಗೆ ಉಪ್ಪು ಬಿದ್ದರೆ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಹೋದರೆ ಇವರನ್ನು ನೋಡುವವರು ಯಾರು?"

ಇವರು ಎಂದಾಗ ಅವರ ಗಲ್ಲ ಕೆರೆಯ ಆಚೆ ದಂಡೆಯ ಕಡೆ ತಿರುಗಿತು. ಅಲ್ಲಿ ಬಿದಿರಿನ ಬೇಲಿಯೊಳಗೆ ಅವರ ಗಂಡನ ಗೋರಿ ಇತ್ತು. ಗಂಡನ ಹೆಸರು ಹೇಳದೆ ಇವರು ಎನ್ನುವುದು ನಮ್ಮ ಕಡೆಯ ಹೆಂಗಸರ ಕ್ರಮ ಮಾತ್ರ ಎಂದುಕೊಂಡಿದ್ದೆ.

ಮತ್ತೆ ನನ್ನ ಕಡೆ ತಿರುಗಿ ಹಾಲಿಮಾ ಕೇಳಿದರು, "ನಿಮ್ಮ ಊರಿನ ಕಟ್ಟ ಈ ವರ್ಷ ಕಟ್ಟಿ ಆಯಿತಾ ದಿದಿ?"

"ಆಯ್ತು," ಎಂದುಬಿಟ್ಟೆ.

ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಇಪ್ಪತ್ತೆಂಟು ವರ್ಷ ಬೋಧಿಸಿದ ನಾಲಿಗೆ ಅದು. ಫೌಝಿಯಾ ನಂಬಿ ಅದನ್ನು ಬಂಗಾಳಿ ಮಾಡಿದಳು. ಹಾಲಿಮಾ ಸಮಾಧಾನದಿಂದ ತಲೆಯಾಡಿಸಿದರು. ಆ ಹೊತ್ತು ನನಗೆ ನಮ್ಮ ಹೊಳೆ ಎಷ್ಟು ಬೇಕೆನಿಸಿತು ಎಂದರೆ, ಕಟ್ಟದ ಹಿಂದೆ ನೀರು ಏರುವಾಗ ಮೊದಲು ಮುಳುಗುತ್ತಿದ್ದ ಬಟ್ಟೆ ಒಗೆಯುವ ಕಲ್ಲು ಕಣ್ಣ ಮುಂದೆ ಬಂತು. ಯಜಮಾನರು ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಮುಳುಗುವವರೆಗೂ ಏಳುತ್ತಿರಲಿಲ್ಲ.

ಒರಗಿದ ಬಿದಿರು

ಕಲ್ಲು ಆ ಊರಲ್ಲಿ ಹುಡುಕಿದರೂ ಸಿಗದು. ಕಲ್ಲಿಲ್ಲದೆ ಕಟ್ಟ ಹೇಗೆ ಎಂದು ನಾನು ತಲೆ ಮೇಲೆ ಕೈ ಹೊತ್ತಾಗ ಅವರು ಬಿದಿರು, ಒಣಹುಲ್ಲು, ನೀರಿನಲ್ಲಿ ಬೆಳೆಯುವ ಒಂದು ತಾಳೆಯ ಗರಿ ತಂದು ರಾಶಿ ಹಾಕಿದರು. ಎರಡು ಸಾಲು ಬಿದಿರು ನೆಟ್ಟು ಗರಿ ಹೆಣೆದು ನಡುವೆ ಮಣ್ಣು ತುಂಬುವುದು. ಮಣ್ಣು ಹೊರುವವರು ಬಹುಪಾಲು ಹೆಂಗಸರು. ನಮ್ಮಲ್ಲಿ ಬುಟ್ಟಿ ಕೈಯಿಂದ ಕೈಗೆ ದಾಟುತ್ತದೆ, ಇಲ್ಲಿ ತಲೆಯ ಮೇಲೆ ಓಡುತ್ತದೆ. ನನಗೆ ಏಣಿಯಂಥ ಬಿದಿರಿನ ಕುರ್ಚಿ ಹಾಕಿ ಕೂರಿಸಿ, ಹೇಳಿದ್ದಕ್ಕೆಲ್ಲ ಹೂಂ ಎಂದು ಮಾಡಿದರು. ನಿವೃತ್ತಿಯ ನಂತರ ಯಾರೂ ನನ್ನ ಮಾತನ್ನು ಇಷ್ಟು ಕೇಳಿರಲಿಲ್ಲ. ನಾನು ಉಬ್ಬಿದೆ.

ಮೊದಲ ಬೆಳಿಗ್ಗೆ ನೋಡಿದಾಗ ನೀರು ಕೇರಿಯ ಕಡೆಯಿಂದ ನದಿಯ ಕಡೆಗೆ ಹರಿಯುತ್ತಿತ್ತು. ಮೇಲಿನಿಂದ ನೀರು ತಳ್ಳಿದರೆ ಕೆಳಗಿನಿಂದ ಆಧಾರ ಕೊಡಬೇಕು. ನಮ್ಮ ಹೊಳೆಯಲ್ಲಿ ಕೆಳಬದಿಗೆ ಕಂಬಗಳನ್ನು ಓರೆಯಾಗಿ ಊರಿ ನಿಲ್ಲಿಸುತ್ತೇವೆ. ಹಾಗೆಯೇ ಇಲ್ಲಿಯೂ ಎಲ್ಲ ಆಧಾರದ ಬಿದಿರುಗಳನ್ನು ನದಿಯ ಬದಿಗೆ ಊರಿಸಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲಿಮಾ ಏನೋ ಹೇಳಹೊರಟು ನಿಲ್ಲಿಸಿದರು. ನಾನು ಅದನ್ನು ಗೌರವ ಎಂದುಕೊಂಡೆ.

ನಾಲ್ಕನೇ ಮಧ್ಯಾಹ್ನ ಎರಡೂ ದಂಡೆಯ ತೋಳುಗಳು ಅರ್ಧಕ್ಕೆ ಬಂದಿದ್ದವು. ನಾವು ಅನ್ನ, ಬೇಳೆ ಊಟ ಮಾಡುತ್ತಿದ್ದಾಗ, ಅದುವರೆಗೆ ನನ್ನ ಗಮನಕ್ಕೆ ಬಾರದಷ್ಟು ಸಣ್ಣದಾಗಿದ್ದ ಭರತ ಜೋರಾಗಿ ಬಂತು. ನೀರು ನದಿಯ ಕಡೆಯಿಂದ ಕೇರಿಯ ಕಡೆಗೆ ನುಗ್ಗಿತು. ಬಿದಿರಿನ ಸಾಲು ಮೆಲ್ಲಗೆ, ನಿದ್ದೆ ಬಂದವರಂತೆ, ಒಳಗಡೆಗೆ ಒರಗಿತು. ಒಳಗೆ ಆಧಾರವೇ ಇರಲಿಲ್ಲವಲ್ಲ. ಮಣ್ಣು ಬಾಯಿ ತೆರೆದು ಕರಗಿ ಹೋಯಿತು.

ಭರತ ಮತ್ತು ಇಳಿತ. ಹತ್ತನೇ ತರಗತಿಯವರಿಗೆ ವರ್ಷ ವರ್ಷ ಕಪ್ಪುಹಲಗೆಯ ಮೇಲೆ ಚಂದ್ರ, ಭೂಮಿ ಬರೆದು ವಿವರಿಸಿದ ಪಾಠ. ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಗೆರೆ ಎಳೆಸುತ್ತಿದ್ದೆ. ಅಂಥ ನಾನು, ಇಲ್ಲಿ ಹೋದ ನೀರು ತಿರುಗಿ ಬರುತ್ತದೆ ಎಂಬುದನ್ನು ಮರೆತಿದ್ದೆ. ಒಂದೇ ಕಡೆಗೆ ಹರಿಯುವ ಹೊಳೆಯ ಬದಿಯಲ್ಲಿ ಬಾಳಿದವರಿಗೆ ಮಾತ್ರ ಆಗುವ ತಪ್ಪು ಅದು.

"ನಿಮಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?" ಎಂದು ಹಾಲಿಮಾರನ್ನು ಕೇಳಿದೆ. ಸಿಟ್ಟು ನನ್ನ ಮೇಲೆಯೇ, ಮಾತು ಅವರ ಮೇಲೆ.

"ಅಷ್ಟು ದೂರದಿಂದ ಬಂದವರು," ಎಂದರು ಅವರು ತಲೆ ತಗ್ಗಿಸಿ. "ನಮಗೆ ತಿಳಿಯದ್ದು ಏನೋ ಇರಬಹುದು ಎಂದುಕೊಂಡೆವು."

ಊಟದ ತಟ್ಟೆ ಹಾಗೆಯೇ ಉಳಿಯಿತು. ಹುಣ್ಣಿಮೆಗೆ ಐದು ದಿನ.

ನೀರು ನಿಂತ ಹೊತ್ತು

ಫೌಝಿಯಾ ನನ್ನ ಕೈಯಿಂದ ಫೋನು ತೆಗೆದುಕೊಂಡು ಹಸನಬ್ಬಣ್ಣನಿಗೆ ವಿಡಿಯೋ ಕರೆ ಮಾಡಿದಳು. ಹೆಂಗಸರೆಲ್ಲ ಸುತ್ತ ನೆರೆದರು. ಹಸನಬ್ಬಣ್ಣ ಜಗಲಿಯಲ್ಲಿ ಕುಳಿತು ಮಂಡಿಗೆ ಎಣ್ಣೆ ಹಚ್ಚುತ್ತಿದ್ದರು. ಒರಗಿದ ಬಿದಿರನ್ನು ತೋರಿಸಿದೆವು.

"ಮನೆಗಳು ಯಾವ ಬದಿ ಟೀಚರ್?"

"ಎಡಗಡೆ."

"ಸಮುದ್ರ?"

"ಬಲಗಡೆ."

ಅವರು ಎಣ್ಣೆ ಕೈಯನ್ನು ಲುಂಗಿಗೆ ಒರೆಸಿಕೊಂಡರು. "ಅಂದ್ರೆ ನೀರು ಎರಡೂ ಬದಿಯಿಂದ ದೂಡ್ತದೆ. ಹಾಗಾದ್ರೆ ಎರಡೂ ಬದಿಗೆ ಕಂಬ ಕೊಡಿ ಮಾರಾಯ್ರೆ. ಮೇಲೆ ಒಂದಕ್ಕೊಂದು ಅಡ್ಡ ಕಟ್ಟಿ. ಈಚೆಯದ್ದು ಆಚೆಯದ್ದನ್ನು ಹಿಡ್ಕೊಳ್ಬೇಕು. ಮತ್ತೆ, ಬಾಯಿ ಮುಚ್ಚುದು ಯಾವಾಗ ಅಂತ ನನ್ನನ್ನು ಕೇಳ್ಬೇಡಿ. ಅದು ಆ ನೀರಿನವರಿಗೇ ಗೊತ್ತಿರುದು. ಅವರನ್ನೇ ಕೇಳಿ."

ಇಷ್ಟು ಹೇಳಿ ಅವರು ನಿಟ್ಟುಸಿರು ಬಿಟ್ಟರು. "ಆರು ವರ್ಷ ಆಯ್ತಲ್ಲ ಕಟ್ಟ ಮುಟ್ಟದೆ. ನಂಗೂ ಮರ್ತಿರ್ಬೋದು."

ಫೌಝಿಯಾ ನನ್ನ ಮುಖ ನೋಡಿದಳು. ಕಂಬದ ಮಾತು, ಅಡ್ಡ ಕಟ್ಟುವ ಮಾತು ಎಲ್ಲವನ್ನೂ ಹೆಂಗಸರಿಗೆ ದಾಟಿಸಿದಳು. ಕೊನೆಯ ಮಾತನ್ನು ಮಾತ್ರ ದಾಟಿಸಲಿಲ್ಲ.

ನಾನು ಕುರ್ಚಿಯನ್ನು ಎತ್ತಿ ಬದಿಗಿಟ್ಟು ಕೆಸರಿಗೆ ಇಳಿದೆ. "ಆಪಾ, ಇನ್ನು ನೀವು ಹೇಳಿ, ನಾನು ಮಾಡುತ್ತೇನೆ," ಎಂದೆ. ಆಮೇಲಿನ ದಿನಗಳ ಲೆಕ್ಕ ನನ್ನ ಸೊಂಟಕ್ಕೆ ಗೊತ್ತು. ಹಲಸಿನ ಹಲಗೆ ಕೈಯಿಂದ ಕೈಗೆ ಹೋಯಿತು. ಅದರ ಹಿಡಿಯ ಮೇಲೆ ಎರಡು ಸವಕಳಿ ಗುರುತುಗಳಿದ್ದವು, ಒಂದು ಹಸನಬ್ಬಣ್ಣನ ಹೆಬ್ಬೆರಳಿನದು, ಇನ್ನೊಂದು ಯಾರದೆಂದು ನನಗೆ ಗೊತ್ತು. ಹಾಲಿಮಾ ಬಡಿಯುವಾಗ ಅವರ ಹೆಬ್ಬೆರಳು ಸರಿಯಾಗಿ ಆ ಎರಡನೆಯದರಲ್ಲೇ ಕೂರುತ್ತಿತ್ತು. ನನಗೆ ಅಸೂಯೆಯಾಯಿತು, ಹಿಂದೆಯೇ ಸಮಾಧಾನವೂ ಆಯಿತು.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಬಾಯಿ ಮುಚ್ಚುವುದೆಂದು ಹಾಲಿಮಾ ನಿಶ್ಚಯಿಸಿದರು. ನಮ್ಮ ಹೊಳೆಯಲ್ಲಿ ಅದು ಜಗಳವೇ ಸರಿ. ನೀರು ಒಂದು ಕ್ಷಣ ಬಿಡದೆ ಎಳೆಯುತ್ತದೆ, ಸೊಪ್ಪು ಹಾಕಿದಷ್ಟೂ ಕೊಚ್ಚುತ್ತದೆ, ಕೂಗಾಟದಲ್ಲಿ ಕಿವಿ ಕೇಳುವುದಿಲ್ಲ. ಇಲ್ಲಿ ಎಲ್ಲರೂ ಮಣ್ಣಿನ ಬುಟ್ಟಿ ಹಿಡಿದು ಸುಮ್ಮನೆ ನಿಂತರು. ಹಾಲಿಮಾ ಒಂದು ಒಣ ಎಲೆಯನ್ನು ಬಾಯಿಯಲ್ಲಿ ತೇಲಿಬಿಟ್ಟರು. ಎಲೆ ನದಿಯ ಕಡೆ ಹೋಯಿತು. ಇನ್ನೊಂದು ಬಿಟ್ಟರು, ಅದು ನಿಧಾನವಾಗಿ ಹೋಯಿತು. ಮೂರನೆಯ ಎಲೆ ಎಲ್ಲಿಗೂ ಹೋಗಲಿಲ್ಲ. ಇಳಿತ ಮುಗಿದು ಭರತ ಇನ್ನೂ ಶುರುವಾಗಿರಲಿಲ್ಲ. ನೀರು ನಿಂತಿತ್ತು.

"ಈಗ," ಎಂದರು ಹಾಲಿಮಾ.

ನಾನು ಈಚೆಯಿಂದ, ಅವರು ಆಚೆಯಿಂದ ಹುಲ್ಲು ಸುತ್ತಿದ ಮಣ್ಣಿನ ಮುದ್ದೆಗಳನ್ನು ಇಳಿಸಿದೆವು. ಹಿಂದಿನಿಂದ ಬುಟ್ಟಿಗಳು ಬಂದು ಬೀಳುತ್ತಿದ್ದವು. ಕಾಲು ಗಂಟೆಯೂ ಆಗಲಿಲ್ಲ. ಹಾಗೆ ನಿಲ್ಲುವ ನೀರನ್ನು ನಾನು ಅದೇ ಮೊದಲು ನೋಡಿದ್ದು. ನಮ್ಮ ಹೊಳೆ ಒಂದು ಗಳಿಗೆ ಹೀಗೆ ನಿಂತಿದ್ದರೆ ನಾನು ಏನೇನು ಹೇಳಿಕೊಳ್ಳಬಹುದಿತ್ತು, ಯಾರನ್ನು ತಡೆದು ನಿಲ್ಲಿಸಬಹುದಿತ್ತು ಎಂದು ಯೋಚಿಸುವಾಗ ಅಳು ಬಂತು. ಕೆಸರು ಕೈಯಲ್ಲಿ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಹುಣ್ಣಿಮೆಯ ಭರತ ಮರುದಿನ ಮಧ್ಯಾಹ್ನ ಬಂತು. ಒಡ್ಡಿನ ಹೊರಗೆ ನೀರು ಏರುತ್ತ ಏರುತ್ತ ನನ್ನ ಎದೆಯಷ್ಟಾಯಿತು. ಬಿದಿರುಗಳು ಕಿರುಗುಟ್ಟಿದವು. ಎರಡು ಕಡೆ ಮಣ್ಣು ಬೆವರಿತು, ಹೆಂಗಸರು ಓಡಿ ಹೋಗಿ ಹುಲ್ಲು ತುರುಕಿದರು. ಒಡ್ಡು ನಿಂತಿತು. ಸಂಜೆ ಹಾಲಿಮಾ ಕೆರೆಗೆ ಇಳಿದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ನುಂಗಲಿಲ್ಲ. ನಂತರ ನುಂಗಿದರು. ಆ ದಿನ ಮಾತ್ರ ನನಗೆ ಸಿಹಿನೀರಿನ ಚಹಾ ಕೊಟ್ಟರು.

ಹೊರಡುವ ಬೆಳಿಗ್ಗೆ

ಸುಳ್ಳು ಹೇಳಿದ ಬಾಯಿಂದ ಆ ಚಹಾ ಕುಡಿದೆನಲ್ಲ ಎನಿಸಿ ಮರುದಿನ ಕೆರೆಯ ಮೆಟ್ಟಿಲಿನಲ್ಲಿ ಕೂತು ನಿಜ ಹೇಳಿದೆ. ಕಟ್ಟ ಈ ವರ್ಷ ಕಟ್ಟಿಲ್ಲ, ಆರು ವರ್ಷದಿಂದ ಇಲ್ಲ, ನಿಲ್ಲಿಸಿದ್ದು ನಾನೇ. ಫೌಝಿಯಾ ಮೆಲ್ಲನೆ ದಾಟಿಸಿದಳು.

ಹಾಲಿಮಾ ಬೇಸರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹಾಗಾದರೆ ಇಷ್ಟು ದೂರ ಯಾಕೆ ಬಂದಿರಿ ದಿದಿ?" ಎಂದು ಕೇಳಿದರು.

"ಬಾಯಿ ಮುಚ್ಚುವುದನ್ನು ಇನ್ನೊಂದು ಸಲ ನೋಡಬೇಕಿತ್ತು," ಎಂದೆ. ಹಾಗೆ ಹೇಳಿದ ಮೇಲೆಯೇ ಅದು ನಿಜವೆಂದು ನನಗೂ ಗೊತ್ತಾದದ್ದು.

ಅವರು ಗೋರಿಯ ಕಡೆ ನೋಡಿದರು. "ಇವರು ಹೋದಾಗ ನಾನು ಕೆರೆಯನ್ನು ಹಿಡಿದುಕೊಂಡೆ. ನೀವು ಬಿಟ್ಟಿರಿ. ನಿಮಗೆ ಅನ್ನ ಹೇಗೆ ಸೇರಿತು?"

ನಾನು ಎದ್ದು ಹೋಗಿ ಚೀಲ ಕಟ್ಟಿದೆ. ಹೊರಡುವಾಗ ಹಾಲಿಮಾ, ಊರಿನ ಕಟ್ಟ ಕಟ್ಟಿದ ದಿನ ವಿಡಿಯೋ ಕಳಿಸಬೇಕು ಎಂದರು. ಕಳಿಸುತ್ತೇನೆ ಎಂದೆ. ಹಲಗೆಯನ್ನು ಅಲ್ಲೇ ಬಿಟ್ಟು ಬಂದೆ. ವ್ಯಾನಿನಲ್ಲಿ ಹಿಂದುಮುಂದಾಗಿ ಕುಳಿತಿದ್ದರಿಂದ ಹಾಲಿಮಾ ಸಣ್ಣಗಾಗಿ ಕಣ್ಮರೆಯಾಗುವವರೆಗೂ ಕಂಡರು.

ಮತ್ತೆ ಹೊಳೆಬದಿ

ನೆಟ್ಟಣದಲ್ಲಿ ಹಸನಬ್ಬಣ್ಣ ನನ್ನ ಚೀಲವನ್ನು ಮುಟ್ಟಿ ನೋಡಿದರು. "ಹಲಗೆ ಎಲ್ಲಿ ಟೀಚರ್?"

"ಅದಕ್ಕೆ ಅಲ್ಲಿ ಕೆಲ್ಸ ಸಿಕ್ಕಿತು."

"ಹೌದಾ. ನಮ್ಮ ಮನೆಯಿಂದ ಪಾಸ್‌ಪೋರ್ಟ್ ಇಲ್ಲದೆ ಹೋದದ್ದು ಅದೊಂದೇ," ಎಂದು ನಕ್ಕರು. ಜೀಪು ಹತ್ತುವ ಮೊದಲು ನಾನು ಕೇಳಿದೆ, "ಹಸನಬ್ಬಣ್ಣ, ಕಟ್ಟ?" ಅವರು ಟೋಪಿ ತೆಗೆದು ತಲೆ ಸವರಿಕೊಂಡು ಮತ್ತೆ ಇಟ್ಟುಕೊಂಡರು. "ಬೇರೆ ಹಲಗೆ ಮಾಡ್ಸುವ," ಎಂದರು.

ಮೊದಲ ದಿನ ಹೊಳೆಗೆ ಇಳಿದದ್ದು ನಾನು ಮತ್ತು ಹಸನಬ್ಬಣ್ಣನ ಸೊಸೆ, ದಂಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಸನಬ್ಬಣ್ಣ. ಬೋರ್‌ವೆಲ್‌ನವರು ದಾರಿಯಲ್ಲಿ ನಿಂತು ನೋಡಿ ಹೋದರು. ಮೂರನೇ ದಿನ ಅವರಲ್ಲಿ ಇಬ್ಬರು ಲುಂಗಿ ಎತ್ತಿಕಟ್ಟಿ ಇಳಿದರು, ಬೋರಿನಲ್ಲಿ ಕೆಸರು ಬರುತ್ತದೆ ಎಂಬ ಗುಟ್ಟನ್ನು ಆಮೇಲೆ ಹೇಳಿದರು. ವಾರದ ಕೊನೆಗೆ ಹನ್ನೊಂದು ಮಂದಿ. ಹಿಂದಿನಷ್ಟು ಎತ್ತರ ಕಟ್ಟಲಾಗಲಿಲ್ಲ. ಬಾಯಿ ಮುಚ್ಚುವ ಹೊತ್ತಿಗೆ ಹಸನಬ್ಬಣ್ಣ ಕುರ್ಚಿಯಿಂದ ಎದ್ದು ಯಾರ ಮಾತೂ ಕೇಳದೆ ನೀರಿಗಿಳಿದರು. ಈಚೆ ಕಡೆ ನಾನು ನಿಂತೆ. ಹೊಳೆ ಎಳೆಯಿತು, ಸೊಪ್ಪು ಕೊಚ್ಚಿತು, ಎಲ್ಲರೂ ಕೂಗಾಡಿದರು. ಮುಚ್ಚಿತು. ಮರುದಿನ ಬೆಳಿಗ್ಗೆ ಒಗೆಯುವ ಕಲ್ಲು ಅರ್ಧ ಮುಳುಗಿತ್ತು. ನಾನು ಅದರ ಮೇಲೆ ಹೋಗಿ ಕೂತೆ. ಸೀರೆಯ ಅಂಚು ನೆನೆಯುವವರೆಗೂ ಏಳಲಿಲ್ಲ.

ವಿಡಿಯೋ ಕಳಿಸಿದ ಸಂಜೆ ಫೌಝಿಯಾ ಕರೆ ಮಾಡಿದಳು. ಹಾಲಿಮಾ ಪಕ್ಕದಲ್ಲೇ ಇದ್ದರು. ಕೆರೆ ಇನ್ನೂ ಸಿಹಿಯಾಗಿದೆ ಎಂದರು. ನಮ್ಮ ಕಟ್ಟವನ್ನು ಎರಡು ಸಲ ನೋಡಿದರಂತೆ, ಆದರೆ ಏನೋ ಅರ್ಥವಾಗಲಿಲ್ಲವಂತೆ.

"ಎಂತ ಅರ್ಥ ಆಗ್ಲಿಲ್ಲ?"

"ಕಂಬ ಒಂದೇ ಬದಿಗೆ ಉಂಟಲ್ಲ ಟೀಚರ್. ಆಚೆಯಿಂದ ನೀರು ವಾಪಸ್ ಬರುವಾಗ ಎಂತ ಮಾಡ್ತೀರಿ ಅಂತ ಕೇಳ್ತಾರೆ. ನಿಮ್ಮಲ್ಲಿ ಹೋದ ನೀರು ತಿರುಗಿ ಬರುದಿಲ್ವಾ ಅಂತ."

ಹೊಳೆಯಾಚೆ ಹಸನಬ್ಬಣ್ಣನ ಮನೆಯಲ್ಲಿ ದೀಪ ಹಚ್ಚಿದ್ದು ಕಾಣುತ್ತಿತ್ತು.

"ಇಲ್ಲ ಅಂತ ಹೇಳು," ಎಂದೆ. "ಇಲ್ಲಿ ಹೋದದ್ದು ಬರುದಿಲ್ಲ. ಅದಕ್ಕೇ ನಾವು ಕಟ್ಟ ಕಟ್ಟುದು ಅಂತ ಹೇಳು."